ನಲವತ್ತಾರು ಲಕೋಟೆ

ಮತ್ತೆ ಅದೇ ಸದ್ದು, ಒಳಗೆಲ್ಲೋ ಕರ್ರ್ ಎಂದು ತಿರುಗಿ, ಇನ್ನೇನು ಹಿಡಿದೇಬಿಟ್ಟಿತು ಅನ್ನುವಷ್ಟರಲ್ಲಿ ಜಾರಿ, ಲಕೋಟೆ ಒಂದು ಬೆರಳಿನಷ್ಟು ಒಳಗೆ ಹೋಗಿ ಅಲ್ಲೇ ಓರೆಯಾಗಿ ನಿಂತು, ಆಮೇಲೆ ಆ ಹಾಳು ಕಿತ್ತಳೆ ದೀಪ, ಮಿಣುಕ್ ಮಿಣುಕ್ — ಅಣಕಿಸುತ್ತಿದೆಯೇ ಇದು, ಈ ಬೂದು ಬಣ್ಣದ ಪ್ರಿಂಟರ್ ಡಬ್ಬಿ, ಮಗಳ ಮೇಜಿನ ಮೇಲೆ ಕೂತುಕೊಂಡು, ಯಾರನ್ನು ಅಣಕಿಸುತ್ತಿದ್ದೇನೆಂದು ಗೊತ್ತಿದೆಯೇ ಇದಕ್ಕೆ, ಮೂವತ್ತು ವರ್ಷದಿಂದ ಹೊಲಿಗೆ ಮಷೀನುಗಳ ಹೊಟ್ಟೆಗೆ ಕೈ ಹಾಕಿ ಕರುಳು ನೇರ ಮಾಡಿದವಳನ್ನು, ಹೊಲಿಗೆಯವರ ಸಂಘದಲ್ಲಿ ಯಾರ ಮಷೀನು ಮುನಿಸಿಕೊಂಡರೂ ಮೊದಲು ಇವಳನ್ನೇ ಕೂಗಿ, ಕೂಗಿ ಕೂಗಿ ಇಟ್ಟ ಹೆಸರೇ ಅಳಿಸಿಹೋಗಿ ಮಷೀನಕ್ಕ ಅನ್ನುವುದೇ ಹೆಸರಾಗಿ ಉಳಿದವಳನ್ನು. ಅವಳು ಲಕೋಟೆಯನ್ನು ಮೆಲ್ಲಗೆ ಹಿಂದಕ್ಕೆ ಎಳೆದಳು, ಬಟ್ಟೆಗೆ ಸಿಕ್ಕಿದ ಸೂಜಿಯನ್ನು ಬಿಡಿಸುವಾಗ ಎಳೆಯುವ ಹಾಗೆ, ಅವಸರ ಮಾಡದೆ, ಆದರೂ ಒಂದು ಮೂಲೆ ಸುಕ್ಕುಗಟ್ಟಿಯೇ ಬಂತು. ಇದು ಹನ್ನೊಂದನೆಯದು, ಪೆಟ್ಟಿಗೆಯಲ್ಲಿ ಇದ್ದದ್ದು ಅರವತ್ತು, ಬೇಕಾದದ್ದು ನಲವತ್ತಾರು, ಅಂದರೆ ಹಾಳುಮಾಡಲು ಇನ್ನು ಮೂರೇ ಮೂರು.

ಗಡಿಯಾರದಲ್ಲಿ ಎರಡೂಕಾಲು, ಐದಕ್ಕೆ ಅಂಚೆ ಕಚೇರಿಯ ಕಿಟಕಿ ಮುಚ್ಚುತ್ತದೆ, ಇವತ್ತಿನ ತಾರೀಖು ಬೀಳದಿದ್ದರೆ ನಾಳೆಯದು, ನಾಳೆಯದು ಬಿದ್ದರೆ ಸಭೆಗೆ ಹದಿನಾಲ್ಕೇ ದಿನ, ಸಂಘದ ನಿಯಮದಲ್ಲಿ ಹದಿನೈದು ದಿನ ಮುಂಚೆ ಅಂಚೆಯಲ್ಲೇ ತಿಳಿಸಬೇಕು ಎಂದಿದೆ, ಒಂದು ದಿನ ಕಮ್ಮಿಯಾದರೂ ಸಭೆ ಸಭೆಯೇ ಅಲ್ಲ, ಸಭೆ ನಡೆಯದಿದ್ದರೆ ಕೋಣೆ ಉಳಿಸಿಕೊಳ್ಳುತ್ತೀರೋ ಬಿಡುತ್ತೀರೋ ಎಂದು ಕೇಳಿರುವ ಕಟ್ಟಡದ ಮಾಲೀಕನಿಗೆ ತಿಂಗಳ ಕೊನೆಯೊಳಗೆ ಉತ್ತರ ಕೊಡುವವರಿಲ್ಲ, ಉತ್ತರ ಹೋಗದಿದ್ದರೆ ಆ ಉದ್ದನೆಯ ಕೋಣೆ, ಎಂಟು ಕಿಟಕಿ, ಕಿಟಕಿಗೆ ಎರಡರಂತೆ ಹದಿನಾರು ಮಷೀನು, ಮಧ್ಯಾಹ್ನದ ಬಿಸಿಲು ಕತ್ತರಿಸುವ ಮೇಜಿನ ಮೇಲೆ ಉದ್ದಕ್ಕೆ ಬೀಳುವ ಆ ಕೋಣೆ ಬೇರೆ ಯಾರದೋ ಗೋದಾಮು ಆಗುತ್ತದೆ. ಕೈಯಲ್ಲೇ ಬರೆದು ಹಾಕಬಹುದಲ್ಲ — ಹೋದ ಸಲ ಹಾಗೇ ಹಾಕಿದ್ದಳು, ಸೀಮೆಸುಣ್ಣ ಹಿಡಿದರೆ ಬಟ್ಟೆಯ ಮೇಲೆ ದಾರ ಎಳೆದಷ್ಟು ನೇರ ಗೆರೆ ಬರುವ ಕೈ, ಪೆನ್ನು ಹಿಡಿದರೆ ಯಾಕೋ ಅಕ್ಷರಗಳು ಒಂದರ ಮೇಲೊಂದು ಹತ್ತಿ ಕೂರುತ್ತವೆ, ಒಂಬತ್ತು ಪತ್ರ ವಾಪಸು ಬಂದವು, ವಿಳಾಸ ತಿಳಿಯುತ್ತಿಲ್ಲ ಎಂದು ಬರೆಸಿಕೊಂಡು, ಆಗಿನ ಕಾರ್ಯದರ್ಶಿ, ಬೆನ್ನ ಹಿಂದೆ ಎಲ್ಲರೂ ಕನ್ನಡಕದಮ್ಮ ಅನ್ನುವ ಆ ಮಹಾತಾಯಿ, ಒಂಬತ್ತನ್ನೂ ಕತ್ತರಿಸುವ ಮೇಜಿನ ಮೇಲೆ ಸಾಲಾಗಿ ಹರಡಿ, ಕನ್ನಡಕವನ್ನು ಹಣೆಗೆ ಏರಿಸಿ, ನೋಡ್ರಮ್ಮ ಎಲ್ರೂ, ಕೋಳಿ ಕೆದರಿದ ಹಾಗಿದೆ, ಇವಳನ್ನ ನಂಬಿ ಬರೆಯೋಕೆ ಕೊಟ್ಟೆ ನೋಡಿ ನಾನು. ನಕ್ಕರು ಎಲ್ಲ, ನಗಲಿ, ನಗುವುದಕ್ಕೇನು, ಆದರೆ ಐವತ್ತು ವರ್ಷದಿಂದ ಮೂಲೆಯಲ್ಲಿ ಕೂತು ಗುಂಡಿ ಹಚ್ಚುತ್ತಲೇ ಬಂದಿರುವ ಗುಂಡಿ ಅಜ್ಜಿ ನಗಲಿಲ್ಲ, ಅವಳ ಪತ್ರವೂ ಆ ಒಂಬತ್ತರಲ್ಲಿ ಇತ್ತು, ವಿಷಯ ತಿಳಿಯದೆ ಸಭೆಗೇ ಬಂದಿರಲಿಲ್ಲ ಪಾಪ, ನಂಗೊಂದು ಪತ್ರ ಹಾಕ್ಬೇಕು ಅಂತ ಅನ್ನಿಸ್ಲಿಲ್ವೇನೇ ನಿಂಗೆ, ಇನ್ನೂ ಬದುಕಿದ್ದೀನಿ ಕಣೇ ನಾನು. ಆ ಮಾತು ಇವತ್ತಿಗೂ ಎದೆಯಲ್ಲಿ ಮುರಿದ ಸೂಜಿಯ ಚೂರಿನಂತೆ ಕೂತಿದೆ. ಆವತ್ತೇ ಕನ್ನಡಕದಮ್ಮ ಠರಾವು ಮಾಡಿಸಿದ್ದು, ಇನ್ನು ಮೇಲೆ ವಿಳಾಸಗಳೆಲ್ಲ ಅಚ್ಚಾಗಿಯೇ ಹೋಗಬೇಕು, ಕೈಬರಹ ನಡೆಯುವುದಿಲ್ಲ. ಈ ಸಲ ಎರಡೇ ಎರಡು ಮತದಿಂದ ಇವಳು ಕಾರ್ಯದರ್ಶಿಯಾದಾಗ ಅದೇ ಕನ್ನಡಕ ಮತ್ತೆ ಹಣೆಗೆ ಏರಿತ್ತು, ಆಗ್ಲಿ, ನೋಡೋಣ, ಏನ್ ಮಾಡ್ತೀಯೋ ಮಾಡು.

ಏನು ಮಾಡಿದಳು, ಇದನ್ನು ಮಾಡಿದಳು, ಮೇಜಿನ ಮೇಲೆ ಹನ್ನೊಂದು ಹೆಣ — ಮೊದಲನೆಯದರಲ್ಲಿ ವಿಳಾಸ ತಲೆಕೆಳಗು, ಎರಡನೆಯದರಲ್ಲಿ ಅಂಟು ಹಚ್ಚುವ ಮುಚ್ಚಳದ ಮೇಲೇ ಅಚ್ಚು, ಅದು ತನ್ನ ತಪ್ಪು, ಒಪ್ಪಿಕೊಂಡಳು, ಮುಚ್ಚಳ ಯಾವ ಕಡೆ ತಿರುಗಿರಬೇಕೆಂದು ಪೆನ್ಸಿಲ್ಲಿನಲ್ಲಿ ಬಾಣ ಬರೆದು ನೋಡಿ ತಿಳಿದುಕೊಂಡಳು, ಮೂರನೆಯದರಿಂದ ಶುರುವಾಯಿತು ಈ ಓರೆ, ಎಡಗಡೆ ಹಿಡಿಯುತ್ತದೆ ಬಲಗಡೆ ಜಾರುತ್ತದೆ, ವಿಳಾಸ ಗುಡ್ಡ ಹತ್ತಿದ ಹಾಗೆ ಮೇಲಕ್ಕೆ ಏರಿ ಪಿನ್‌ಕೋಡು ಅಂಚಿನಾಚೆ ಬಿದ್ದು ಮಾಯ, ಏಳು ಎಂಟಕ್ಕೆ ಕೈಯಿಂದ ಒತ್ತಿ ಕೊಟ್ಟಳು, ಸುಕ್ಕಾದವು, ಒಂಬತ್ತರಿಂದ ಈಚೆಗೆ ಎರಡೂ ಕಡೆ ಜಾರಿಕೆ, ಹಿಡಿತವೇ ಇಲ್ಲ. ಬಾಗಿಲಲ್ಲಿ ಗಂಡ, ಕೈಯಲ್ಲಿ ಕಾಫಿ ಲೋಟ, ಕಾರು ಓಡಿಸುವುದನ್ನು ಕಲಿಸುವವನು, ಜಗತ್ತಿನ ಸಕಲ ಕಷ್ಟಕ್ಕೂ ಅವನ ಹತ್ತಿರ ಇರುವುದು ಒಂದೇ ಔಷಧ, ಕ್ಲಚ್ ಮೆಲ್ಲಗೆ ಬಿಡಬೇಕು ಕಣೇ, ನೀನು ಗಾಬರಿ ಬಿದ್ದು ಒಂದೇ ಸಲ ಬಿಡ್ತಾ ಇದ್ದೀಯ. ಇದಕ್ಕೆ ಕ್ಲಚ್ ಎಲ್ಲಿದೆ ರೀ. ಇಲ್ದೇ ಇದ್ರೂ ಅಂದ್ಕೋಬೇಕು, ಮನಸ್ಸು ಸಮಾಧಾನವಾಗಿರುತ್ತೆ. ಇಪ್ಪತ್ತೆಂಟು ವರ್ಷ ಇವನ ಜೊತೆ ಬಾಳಿದ್ದಕ್ಕೆ ತನಗೊಂದು ಬಿರುದು ಕೊಡಬೇಕು ಯಾರಾದರೂ. ಪ್ರೆಸ್ಸಿಗೆ ಹೋಗೋಣ ಅಂದ, ಪ್ರೆಸ್ಸಿನವನು ಎರಡು ದಿನ ಕೇಳಿದ್ದು ನಿನ್ನೆಯೇ ಹೇಳಿರಲಿಲ್ಲವೇ, ಹೋಗಲಿ ನಾನು ಬರೆದುಕೊಡಲಾ ಅಂದ, ಠರಾವು ಅಂದಳು, ಠರಾವು ಮಾಡಿದವರ ಮನೆ ಎಲ್ಲಿದೆ ಹೇಳು ಎಂದು ತೋಳು ಏರಿಸಿದ, ಕಾಫಿ ಚೆಲ್ಲಿತು. ಅವಳಿಗೆ ಅಳು ಬರುವುದಕ್ಕೂ ನಗು ಬರುವುದಕ್ಕೂ ನಡುವೆ ಒಂದು ನೂಲಿನ ಅಂತರವಿತ್ತು.

ಮಗಳಿಗೆ ಫೋನು, ಆಸ್ಪತ್ರೆಯ ಲ್ಯಾಬಿನಲ್ಲಿ ಇರುತ್ತಾಳೆ, ಎರಡು ನಿಮಿಷಕ್ಕಿಂತ ಹೆಚ್ಚು ಮಾತಾಡುವ ಹಾಗಿಲ್ಲ, ಕಂಪ್ಯೂಟರಿನಲ್ಲಿ ನಲವತ್ತಾರು ವಿಳಾಸ ಕೂರಿಸಿ, ಒಂದೊಂದಾಗಿ ಹೀಗೆ ಒತ್ತು ಎಂದು ತೋರಿಸಿ ಹೋದವಳು ಅವಳೇ — ಅಮ್ಮ, ಪೇಪರ್ ಸೈಜ್ ಕವರ್ ಅಂತ ಇದೆಯಾ ನೋಡು, ಇದೆ, ಬದಿಯ ಪಟ್ಟಿ ಎರಡೂ ಕವರ್‌ಗೆ ತಾಗ್ತಿದೆಯಾ, ತಾಗ್ತಿದೆ, ಹಂಗಾದ್ರೆ ಕವರ್ ದಪ್ಪ ಆಗಿರ್ಬೇಕು, ಮಾಮೂಲಿ ಹಾಳೆ ಹೋಗ್ತಿದೆಯಾ. ಹಾಳೆ. ಹಾಳೆ ಹಾಕಿ ನೋಡಲೇ ಇಲ್ಲವಲ್ಲ, ಎಂಥ ದಡ್ಡಿ, ಹೊಸ ಬಟ್ಟೆಗೆ ಕತ್ತರಿ ಹಾಕುವ ಮುಂಚೆ ಹಳೇ ಬಟ್ಟೆಯ ಮೇಲೆ ಅಳತೆ ನೋಡಿಕೊಳ್ಳಿ ಎಂದು ಹೊಸದಾಗಿ ಸೇರಿದ ಹೆಂಗಸರಿಗೆಲ್ಲ ಪಾಠ ಹೇಳುವವಳು, ತಾನು ಮಾತ್ರ ಹನ್ನೊಂದು ಲಕೋಟೆ ನೇರವಾಗಿ ಬಲಿ ಕೊಟ್ಟಿದ್ದಾಳೆ, ಹಾಳೆ ಹಾಕಿದಳು, ಕರ್ರ್, ಜಾರಿಕೆ, ಓರೆ, ಕಿತ್ತಳೆ ದೀಪ. ಹಾಳೆಯೂ ಹೋಗ್ತಿಲ್ಲ ಕಣೇ. ಅಯ್ಯೋ, ಶನಿವಾರ ಅಷ್ಟೂ ನೋಟಿಸು ಅದ್ರಲ್ಲೇ ತೆಗೆದ್ನಲ್ಲಮ್ಮ, ಒಂಚೂರು ಕಿರ್ ಅಂತಿತ್ತು ಅಷ್ಟೆ, ಚೆನ್ನಾಗೇ ಇತ್ತು, ನೀನೇನಾದ್ರೂ ಮಾಡಿದ್ಯಾ ಅದಕ್ಕೆ. ನಾನೇನು ಮಾಡ್ಲಿ, ಮುಟ್ಟೇ ಇಲ್ಲ ನಾನು. ಸರಿ ಅಮ್ಮ, ಕರೀತಿದ್ದಾರೆ, ಇಡ್ತೀನಿ. ಮುಟ್ಟೇ ಇಲ್ಲ, ಮುಟ್ಟಿಲ್ಲವೇ, ಏನೋ ಒಂದು ಮೂಲೆಯಲ್ಲಿ ಚುಚ್ಚಿತು, ಏನೆಂದು ಸಿಗಲಿಲ್ಲ, ಗಂಡ ಹನ್ನೊಂದನೆಯ ಲಕೋಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದ, ಇಲ್ನೋಡೇ, ಇಲ್ಲೊಂದು ಪಟ್ಟೆ ಪಾರದರ್ಶಕ ಆಗಿದೆ, ವಡೆ ಕಟ್ಟಿದ ಪೇಪರ್ ಥರ, ಎಂದು ಮೂಗಿಗೆ ಹಿಡಿದು, ಮತ್ತೆ ಹಿಡಿದು, ವಿಚಿತ್ರವಾಗಿ ಅವಳನ್ನು ನೋಡಿ, ಇದ್ರಲ್ಲಿ ನಿನ್ನ ವಾಸನೆ ಬರ್ತಿದೆ. ನನ್ನ ವಾಸನೆ ಅಂದ್ರೆ ಏನ್ರೀ. ನಿನ್ನ ವಾಸನೆ ಅಂದ್ರೆ ನಿನ್ನ ವಾಸನೆ, ಮದುವೆ ಆದಾಗಿಂದ ಇದೆ, ದಿಂಬಲ್ಲೂ ಇದೆ. ಅವಳು ಮೂಸಿದಳು, ಏನೂ ಇಲ್ಲ, ಬರೀ ಕಾಗದ, ಮೂವತ್ತು ವರ್ಷದಿಂದ ಉಗುರ ಸಂದಿಯಲ್ಲಿ ಕೂತ ವಾಸನೆ ಅವಳ ಮೂಗಿಗೆ ಹೇಗೆ ಗೊತ್ತಾಗಬೇಕು — ಎಣ್ಣೆ. ಹೊಲಿಗೆ ಮಷೀನಿನ ಎಣ್ಣೆ.

ಭಾನುವಾರ, ಹೌದು, ಭಾನುವಾರ ಬೆಳಗ್ಗೆ, ಮಗಳು ಸ್ನಾನಕ್ಕೆ ಹೋಗಿದ್ದಳು, ಕಿರ್ ಅಂತಿದೆ ಇದು ಅಂದಿದ್ದಳಲ್ಲ ಹಿಂದಿನ ದಿನ, ತನ್ನ ಕೈ ಯಾರನ್ನೂ ಕೇಳಲಿಲ್ಲ, ತನ್ನನ್ನೂ ಕೇಳಲಿಲ್ಲ, ಉದ್ದ ಮೂಗಿನ ಎಣ್ಣೆ ಡಬ್ಬಿ ತೆಗೆದುಕೊಂಡು ಹಿಂದಿನ ಮುಚ್ಚಳ ಎತ್ತಿ, ತಿರುಗುವ ಕಡೆ ಇಲ್ಲೊಂದು ಹನಿ, ಅಲ್ಲೊಂದು ಹನಿ, ಹದಿನಾರು ಮಷೀನಿಗೆ ಪ್ರತಿ ಭಾನುವಾರ ಮಾಡುವುದೇ ಹಾಗೆ, ಹೊಲಿಗೆ ಕಲಿಸಿದ ದೊಡ್ಡಮ್ಮ ಹೇಳಿಕೊಟ್ಟದ್ದೇ ಅಷ್ಟು, ಕಿರ್ ಅಂದ್ರೆ ಎರಡು ಹನಿ ಹಾಕು ಪುಟ್ಟಿ, ಜಾಸ್ತಿ ಬೇಡ, ಆಮೇಲೆ ಕೇಳು ಅದರ ದನಿ. ದನಿ ಕೇಳಿದ್ದಳು, ಕಿರ್ ನಿಂತುಹೋಗಿತ್ತು, ತನ್ನ ಬೆನ್ನು ತಾನೇ ತಟ್ಟಿಕೊಂಡು ಹೋಗಿ ಅಡುಗೆಗೆ ನಿಂತಿದ್ದಳು. ಜಾರಬಾರದ ಕಡೆಗೆ ಎಣ್ಣೆ ಹಾಕಿ, ಜಾರುತ್ತಿದೆ ಎಂದು ಇಷ್ಟು ಹೊತ್ತಿನಿಂದ ಅದನ್ನೇ ಬೈಯುತ್ತಿದ್ದಾಳೆ, ಪಾಪದ ಡಬ್ಬಿ, ಲಕೋಟೆಯನ್ನು ಹಿಡಿದು ಎಳೆಯುವುದೇ ಅದರ ಕೆಲಸ, ಹಿಡಿಯುವ ರಬ್ಬರ್ ಉರುಳೆಯ ಬಲಗಡೆ ಮೊದಲು, ಆಮೇಲೆ ಹರಡಿ ಎಡಗಡೆಗೂ, ಅದಕ್ಕೇ ಮೊದಲು ಓರೆ, ಆಮೇಲೆ ಪೂರ್ತಿ ಜಾರಿಕೆ, ಎಲ್ಲ ತಿಳಿಯಿತು, ಒಂದು ಎಳೆ ಸಿಕ್ಕಿದರೆ ಇಡೀ ಹೊಲಿಗೆ ಬಿಚ್ಚಿಕೊಳ್ಳುವ ಹಾಗೆ ಸರಸರ ಬಿಚ್ಚಿಕೊಂಡಿತು. ನಾಚಿಕೆಯಾಯಿತು, ಆಗಲೇಬೇಕು, ಆದರೆ ನಾಚಿಕೆಯ ಹಿಂದೆಯೇ ಇನ್ನೊಂದು ಬಂತು, ಖುಷಿ, ಶುದ್ಧ ಖುಷಿ, ಯಾಕೆಂದರೆ ಇದು ಕಂಪ್ಯೂಟರಿನ ಕಾಯಿಲೆಯಲ್ಲ, ಮಷೀನಿನ ಕಾಯಿಲೆ, ಮಷೀನಿನ ಕಾಯಿಲೆ ಅಂದ ಮೇಲೆ ಮಷೀನಕ್ಕ ಇದ್ದಾಳೆ. ರೀ, ಬಿಸಿನೀರು ತನ್ನಿ, ಒಂದು ಚೂರು ಸೋಪು, ಆ ಪ್ಲಗ್ ಕಿತ್ತುಬಿಡಿ ಮೊದಲು. ಏನಾಯ್ತೇ. ಕ್ಲಚ್‌ಗೆ ಎಣ್ಣೆ ಬಿದ್ದಿದೆ ರೀ. ಅವನ ಮುಖ ಅರಳಿತು, ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ ಅವಳು ಅವನ ಭಾಷೆಯಲ್ಲಿ ಮಾತಾಡಿದ್ದಳು.

ಯಾವ ಬಟ್ಟೆ, ಬನಿಯನ್ ಬೇಡ, ನೂಲು ಉದುರುತ್ತದೆ, ಟವೆಲ್ ಅಂತೂ ಬೇಡವೇ ಬೇಡ, ನೂರು ಸಲ ಒಗೆದ ಲೈನಿಂಗ್ ಬಟ್ಟೆ ಇದೆಯಲ್ಲ, ಒಂದು ಎಳೆಯೂ ಬಿಡದ್ದು, ಅದನ್ನು ಅಗಲ ಪಟ್ಟಿಯಾಗಿ ಹರಿದು ಸೋಪಿನ ನೀರಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ಇನ್ನೊಮ್ಮೆ ಹಿಂಡಿ, ಹಿಂದಿನ ಮುಚ್ಚಳ ಎತ್ತಿ, ಉರುಳೆಗೆ ಬಟ್ಟೆ ಒತ್ತಿಹಿಡಿದು ಬೆರಳಿನಿಂದ ಒಂದೊಂದೇ ಸುತ್ತು ತಿರುಗಿಸುತ್ತ, ಬಟ್ಟೆಯ ಮೇಲೆ ಹಳದಿ ಗೆರೆ, ಮಡಚಿ ಹೊಸ ಜಾಗ, ಮತ್ತೆ ಹಳದಿ, ಮತ್ತೆ ಮಡಚಿ, ಈಗ ತಿಳಿ, ಈಗ ಏನೂ ಇಲ್ಲ, ನೀರಿನ ಬಟ್ಟೆ, ಒಣ ಬಟ್ಟೆ, ಗಂಡ ಮೋಟು ಬೀಸಣಿಗೆ ಹಿಡಿದು ಗಾಳಿ ಹಾಕುತ್ತ ಸಾಕಾ ಇನ್ನೂನಾ, ಇನ್ನೂ ರೀ, ಒದ್ದೆ ಇದ್ರೆ ಮತ್ತೆ ಜಾರುತ್ತೆ. ಬೆರಳ ತುದಿಯಿಂದ ರಬ್ಬರನ್ನು ಮುಟ್ಟಿದಳು, ಚರ್ಮವನ್ನು ಹಿಡಿಯಿತು, ಬಿಡಲಿಲ್ಲ, ಆ ಹಿಡಿತಕ್ಕೆ ಅವಳ ಮೈ ಜುಮ್ ಅಂತು. ಈ ಸಲ ಪಾಠ ಮರೆಯಲಿಲ್ಲ, ಮೊದಲು ಹಾಳೆಯನ್ನು ಲಕೋಟೆಯ ಅಳತೆಗೆ ಕತ್ತರಿಸಿ ಹಾಕಿದಳು — ಸರ್ ಎಂದು ಹೋಗಿ ಈಚೆ ಬಂತು, ಲಕೋಟೆಯ ಮೇಲಿಟ್ಟು ಬೆಳಕಿಗೆ ಹಿಡಿದರೆ ವಿಳಾಸ ನಟ್ಟ ನಡುವೆ. ಆಮೇಲೆ ಲಕೋಟೆಗಳು, ಅಂಚು ಉಬ್ಬಿರುವುದನ್ನು ಈಗ ನೋಡಿದಳು, ಕಾಲರ್ ಮಡಿಕೆಯ ಮೇಲೆ ಎಳೆಯುವ ಹಾಗೆ ಕತ್ತರಿಯ ಹಿಡಿಯನ್ನು ನಾಲ್ಕೂ ಅಂಚಿನ ಮೇಲೆ ಒತ್ತಿ ಎಳೆದು ಚಪ್ಪಟೆ ಮಾಡಿ, ಐದೈದು ಒಟ್ಟಿಗೆ ಬೇಡ, ಒಂದೊಂದೇ, ಒಂದೊಂದಾಗಿಯೇ ಬಾರಪ್ಪ. ಹನ್ನೆರಡನೆಯದು ನೇರವಾಗಿ ಬಂತು, ಎಷ್ಟು ನೇರ, ಖುಷಿಗೆ ತಡೆಯಲಾರದೆ ಹಿಡಿದುಕೊಂಡಳು, ಒದ್ದೆ ಹೆಬ್ಬೆರಳು ಹಸಿ ಮಸಿಯ ಮೇಲೆ, ಊರಿನ ಹೆಸರೆಲ್ಲ ಕಲಸಿಹೋಯಿತು, ಉಳಿದದ್ದು ಎರಡು. ಕೈ ಒರೆಸ್ಕೋ ಮಾರಾಯ್ತಿ. ಒರೆಸಿಕೊಂಡಳು, ಸೆರಗಿಗೆ, ಮತ್ತೆ ಸೆರಗಿಗೆ.

ಹದಿಮೂರನೆಯದು, ಕರ್ರ್ ಅಲ್ಲ ಈ ಸಲ, ಒಂದು ತುಂಬಿದ ದನಿ, ಹಿಡಿದು ಎಳೆದುಕೊಳ್ಳುವ ದನಿ, ದೊಡ್ಡಮ್ಮ ಕೇಳು ಅಂದದ್ದು ಇದನ್ನೇ, ಲಕೋಟೆ ಒಳಗೆ ಹೋಗಿ, ತಡೆದು, ಇಂಚು ಇಂಚಾಗಿ ಈಚೆ ಬಂದು, ಪಟ್ಟಿಯಲ್ಲಿ ಮೊದಲನೆಯ ಹೆಸರು, ಎಲ್ಲರಿಗಿಂತ ಹಳೆಯ ಸದಸ್ಯೆ, ಗುಂಡಿ ಅಜ್ಜಿ, ಮನೆ ನಂಬರು, ಬೀದಿ, ಪಿನ್‌ಕೋಡಿನ ಕೊನೆಯ ಅಂಕಿಯವರೆಗೂ ಒಂದು ಕೂದಲಷ್ಟೂ ವಾಲದೆ. ಹಾಕಿದ್ದೀನಿ ಅಜ್ಜಿ, ಅವಳು ಬಾಯಿಬಿಟ್ಟೇ ಅಂದಳು, ಈ ಸಲ ಯಾರ ಕಣ್ಣಿಗೂ ತಪ್ಪಲ್ಲ, ಗಂಡ ಏನಂದೆ ಅಂದ, ನಿಮಗಲ್ಲ ಅಂದಳು, ಎರಡನೆಯದು, ಮೂರನೆಯದು, ಕತ್ತರಿ ಹಿಡಿಯಲ್ಲಿ ಅಂಚು, ಒಳಗೆ, ಗುಂಡಿ ಒತ್ತು, ಈಚೆ, ಮೇಜಿನ ಮೇಲೆ ಒಣಗಲು ಸಾಲು, ಸಾಲಿನ ಪಕ್ಕ ಸಾಲು, ಇವಳ ಕೈಗೆ ಓಟ ಸಿಕ್ಕಿತು, ಇನ್ನೂರು ಅಂಗಿಯ ಗುತ್ತಿಗೆ ಒಂದೇ ದಿನ ಮುಗಿಸುವಾಗ ಸಿಗುವಂಥ ಓಟ, ತಲೆ ಯೋಚಿಸುವುದು ಬಿಟ್ಟು ಕೈಯೇ ಯೋಚಿಸುತ್ತದೆ ಆಗ, ಕಿಟಕಿ ಪಕ್ಕದ ಮಷೀನಿನವಳು, ಕಾಜಾ ಹೊಲಿಯುವ ಅಕ್ಕ ತಂಗಿಯರು, ಒಂದೇ ಹಾಡು ಗುನುಗುವವಳು, ಒಬ್ಬೊಬ್ಬರೂ ಹೆಸರು ವಿಳಾಸ ಸಮೇತ ಆ ಬೂದು ಡಬ್ಬಿಯಿಂದ ಈಚೆ ಬಂದು ಮೇಜಿನ ಮೇಲೆ ಕೂರುತ್ತಿದ್ದಾರೆ, ಇಡೀ ಸಂಘವೇ ಮನೆಗೆ ಬಂದ ಹಾಗೆ. ಮೂವತ್ತೊಂದಕ್ಕೆ ಎರಡು ಲಕೋಟೆ ಅಂಟಿಕೊಂಡು ಒಟ್ಟಿಗೆ ಹೋದವು, ಒಂದು ಹಾಳು, ಒಂದು ಖಾಲಿ, ಉಳಿದದ್ದು ಒಂದೇ, ಒಂದು ಸಾಕು, ಬೀಸಿ ಬೇರೆ ಮಾಡಿ ಹಾಕಿದಳು, ಮುಂದೆ. ಮೂವತ್ತೆಂಟು ಕನ್ನಡಕದಮ್ಮ. ಅವಳದನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದಳು, ಓರೆ ಇದೆಯೇ, ಮಸಿ ಇದೆಯೇ, ಕನ್ನಡಕ ಹಣೆಗೇರಿಸಿ ಹುಡುಕಿದರೂ ಸಿಗುವಂಥದ್ದು ಏನಾದರೂ — ಏನೂ ಇಲ್ಲ, ಹುಡುಕಿಕೊಳ್ಳಲಿ ತಾಯಿ, ಸಂಜೆಯವರೆಗೂ ಹುಡುಕಿಕೊಳ್ಳಲಿ. ನಾಲ್ಕೂಕಾಲಿಗೆ ಗಂಡ ನೋಟಿಸು ಮಡಚಿ ತುಂಬುತ್ತಿದ್ದ, ಅವಳು ಅಂಟು, ಅವನು ಸ್ಟಾಂಪು, ನಲವತ್ತಾರನೆಯದು ಈಚೆ ಬಂದಾಗ ಇದ್ಯಾರು ಎಂದು ಒಂದು ಕ್ಷಣ ಗೊತ್ತಾಗಲಿಲ್ಲ, ಮಷೀನಕ್ಕ ಅಂತ ಇರಲಿಲ್ಲವಲ್ಲ, ಪೂರ್ತಿ ಹೆಸರಿತ್ತು, ಅಪ್ಪ ಶಾಲೆಗೆ ಸೇರಿಸುವಾಗ ಬರೆಸಿದ್ದು, ಕಾರ್ಯದರ್ಶಿಗೂ ನೋಟಿಸು ಹೋಗಬೇಕು ಎಂಬುದು ನಿಯಮ, ಹೋದ ಸಲ ವಾಪಸು ಬಂದ ಒಂಬತ್ತರಲ್ಲಿ ತಾನೇ ತನಗೆ ಬರೆದುಕೊಂಡದ್ದೂ ಒಂದಿತ್ತು ಅನ್ನುವುದನ್ನು ಇವತ್ತಿನವರೆಗೂ ಯಾರಿಗೂ ಹೇಳಿಲ್ಲ.

ಕಾರು, ತಲೆಯ ಮೇಲೆ ಕಲಿಯುವವರ ಬೋರ್ಡು ಹೊತ್ತ ಕಾರು, ಅವನು ಕನ್ನಡಿ ಸರಿಮಾಡಿ, ಪಟ್ಟಿ ಬಿಗಿದು, ಎಡಕ್ಕೆ ನೋಡಿ ಬಲಕ್ಕೆ ನೋಡಿ, ರೀ ಸ್ವಲ್ಪ ಬೇಗ, ಬೇಗ ಹೋಗೋರೆಲ್ಲ ನನ್ನ ಹತ್ರಾನೇ ಕಲಿತೋರು, ತಪ್ಪು ಮೇಲ್ಪಂಕ್ತಿ ಹಾಕ್ಬಾರ್ದು, ಅವಳ ತೊಡೆಯ ಮೇಲೆ ನಲವತ್ತಾರರ ಕಟ್ಟು ಮಗುವಿನ ಹಾಗೆ ಬೆಚ್ಚಗೆ, ನಾಲ್ಕೂ ಐವತ್ತು, ಕೆಂಪು ದೀಪ, ನಾಲ್ಕೂ ಐವತ್ತಮೂರು, ಕಿಟಕಿಯ ಅರ್ಧ ಆಗಲೇ ಎಳೆದಿತ್ತು, ಒಳಗಿನ ಗುಮಾಸ್ತ ಕೈ ಒರೆಸಿಕೊಳ್ಳುತ್ತಿದ್ದ, ನಾಳೆ ಬನ್ನಿ ಅಮ್ಮ ಅನ್ನಲು ಬಾಯಿ ತೆರೆದವನು ಮೇಲಿನ ಲಕೋಟೆಯನ್ನು ನೋಡಿ, ಅದರ ಕೆಳಗಿನದನ್ನು ನೋಡಿ, ಬಾಯಿ ಮುಚ್ಚಿ ಕಿಟಕಿಯನ್ನು ಮತ್ತೆ ತೆರೆದ. ಎಷ್ಟು ನೀಟಾಗಿದೆ, ಯಾವ ಪ್ರೆಸ್‌ನಲ್ಲಿ ಮಾಡಿಸಿದ್ರಿ. ಮನೇಲೇ, ಅಂದಳು, ನಾನೇ. ಇವತ್ತಿನ ತಾರೀಖೇ ಬೀಳ್ಬೇಕು ಅಣ್ಣ, ನನ್ನ ಕಣ್ಣೆದುರಿಗೇ ಹಾಕಿಬಿಡಿ. ಅವನು ನಕ್ಕ, ಮಸಿಯ ಮೆತ್ತೆ ತೆರೆದ, ಮುದ್ರೆ ಎತ್ತಿದ, ಠಪ್, ಅಜ್ಜಿಯ ಲಕೋಟೆಯ ಮೇಲೆ ಒಂದು ದುಂಡನೆ ಕಪ್ಪು ಉಂಗುರ, ಒಳಗೆ ಇವತ್ತಿನ ತಾರೀಖು, ಠಪ್, ಉಂಗುರ, ಸಭೆ ನಡೆಯುತ್ತದೆ, ಠಪ್, ಎಂಟು ಕಿಟಕಿ, ಠಪ್, ಹದಿನಾರು ಮಷೀನು, ಗಂಡ ಹಿಂದೆ ನಿಂತು ಪಿಸುಗುಟ್ಟಿದ, ಹೊಟ್ಟೆ ಹಸೀತಿದೆ ಕಣೇ, ಸುಮ್ನಿರಿ ಅಂದಳು, ಠಪ್, ಕನ್ನಡಕದಮ್ಮನಿಗೂ ಒಂದು ಉಂಗುರ, ಅವಳ ಮೇಲೂ ಈಗ ಸಿಟ್ಟಿಲ್ಲ, ಎಲ್ಲಿ ಹೋಯಿತೋ ಸಿಟ್ಟು, ಠಪ್, ಠಪ್, ಆಮೇಲೆ ಕೊನೆಯದು, ಅವಳದ್ದೇ, ಗುಮಾಸ್ತ ಹೆಸರು ಓದಿದ, ಗಟ್ಟಿಯಾಗಿ, ಪೂರ್ತಿ ಹೆಸರು, ಒಂದೇ ಏಟಿಗೆ, ಎಲ್ಲೂ ತಡವರಿಸದೆ, ನೀವೇನಾ ಇದು ಅಂದ, ಅವಳು ಹೆಸರಿನ ಮೇಲೆ ಬೆರಳಿಟ್ಟಳು, ನಾನೇ, ನಾನೇ ಇದು, ಠಪ್ — ಉಂಗುರ, ದುಂಡನೆ ಕಪ್ಪು ಉಂಗುರ, ಅದರ ಪಕ್ಕ ಅವಳ ಹೆಸರು, ಉಂಗುರದೊಳಗೆ ಇವತ್ತಿನ ತಾರೀಖು, ಇನ್ನೂ ಹಸಿ, ಉಂಗುರ